ಆರೈಕೆ ಮಾಡುವವರಿಗೂ ಆರೈಕೆ ಬೇಕು

ಹೊಲದಲ್ಲಿ ದುಡಿಯುವ ಎತ್ತಿಗೂ ವಿಶ್ರಾಂತಿ ಬೇಕೆಂಬುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಅರಿತಿದ್ದರು. ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ಸೋಮವಾರದ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನವೆಂಬ ಭಕ್ತಿ ಒಂದು ಕಡೆ. ಬಿಡುವಿಲ್ಲದೆ ದುಡಿಸಿದರೆ ಎತ್ತು ಬಹುಕಾಲ ಬಾಳದೆಂಬ ವಿವೇಕ ಇನ್ನೊಂದು ಕಡೆ. ಮೂಕಪ್ರಾಣಿಗೆ ವಾರಕ್ಕೊಂದು ದಿನದ ಬಿಡುವನ್ನು ಕೊಟ್ಟ ನಾವು, ನಮ್ಮ ಮನೆಯ ಬಾಣಂತಿಗೂ ಕೂಸಿಗೂ ಆರೈಕೆ ಮಾಡುವ ಹೆಣ್ಣುಮಗಳಿಗೆ ಬಿಡುವು ಉಂಟೇ ಎಂದು ಎಂದಾದರೂ ಯೋಚಿಸಿದ್ದೇವೆಯೇ?

ಮನೆಯ ಸೊಸೆ ಬಸುರಾದಳೆಂಬ ಸುದ್ದಿ ನೆಂಟರಿಗೆ ಮುಟ್ಟುವ ಮೊದಲೇ ಆರೋಗ್ಯ ಕಾರ್ಯಕರ್ತೆಗೆ ಮುಟ್ಟುತ್ತದೆ. ತಾಯಿ ಕಾರ್ಡ್ ಬರೆದುಕೊಡುವವಳು ಆಕೆ. ರಕ್ತದೊತ್ತಡ ನೋಡಿ, ಕಬ್ಬಿಣಾಂಶದ ಮಾತ್ರೆ ಕೊಟ್ಟು, ಹೆರಿಗೆಗೆ ಎಲ್ಲಿಗೆ ಹೋಗಬೇಕೆಂದು ತಿಳಿಸುವವಳು ಆಕೆ. ಕೂಸಿಗೆ ಲಸಿಕೆ ಹಾಕುವವಳು ಆಕೆ. ಇನ್ನೊಂದು ಮಗುವಿಗೆ ಎಷ್ಟು ಅಂತರ ಬೇಕು, ಅದಕ್ಕೆ ಯಾವ ವಿಧಾನ ಒಳ್ಳೆಯದು ಎಂದು ಗಂಡ-ಹೆಂಡಿರಿಬ್ಬರನ್ನೂ ಕೂರಿಸಿಕೊಂಡು ವಿವರಿಸುವವಳೂ ಆಕೆಯೇ. ಎಲ್ಲರ ಕ್ಷೇಮ ವಿಚಾರಿಸುವ ಈಕೆಯ ಕ್ಷೇಮವನ್ನು ವಿಚಾರಿಸುವವರು ಯಾರು? ಈ ಪಾಠದಲ್ಲಿ ಆ ವಿಷಯವನ್ನು ತಿಳಿಯೋಣ. ಇದು ಕೇವಲ ಆಕೆಯ ಸುಖದುಃಖದ ಮಾತಲ್ಲ; ನಿಮ್ಮ ಮನೆಯ ತಾಯಿ-ಮಕ್ಕಳ ಸುರಕ್ಷತೆಯ ಮಾತೂ ಹೌದು.

ಆಕೆಯ ಕೆಲಸದ ಹರವು

ಬಯಲುಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 3,000 ಜನಸಂಖ್ಯೆಗೆ ಒಂದು ಆರೋಗ್ಯ ಉಪಕೇಂದ್ರ ಇರಬೇಕೆಂಬುದು ನಿಯಮ. ಅಲ್ಲಿ ಕೆಲಸ ಮಾಡುವ ಕಿರಿಯ ಆರೋಗ್ಯ ಸಹಾಯಕಿಯನ್ನು ನಮ್ಮ ರಾಜ್ಯದಲ್ಲಿ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಕರೆಯಲಾಗುತ್ತದೆ. ಹಳ್ಳಿಯ ಜನ ಪ್ರೀತಿಯಿಂದ ನರ್ಸಮ್ಮ ಎಂದೋ ಸಿಸ್ಟರ್ ಎಂದೋ ಕರೆಯುವುದು ಈಕೆಯನ್ನೇ. ಆಕೆಗೆ ನೆರವಾಗಲು ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರಿದ್ದಾರೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಈ ವ್ಯವಸ್ಥೆ ಬಂದಿತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ, ಅಂದರೆ 6 ಬಾರಿ, ಮನೆ ಬಾಗಿಲಿಗೆ ಬರಬೇಕು. ಮಳೆಯೆಂದು, ಜಾತ್ರೆಯೆಂದು ಆ ದಿನಗಳು ಮುಂದಕ್ಕೆ ಹೋಗುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ದಾದಿಯರ ಹೊಣೆ ಇನ್ನೂ ಹೆಚ್ಚಾಗಿದೆ. ವೈದ್ಯರು ಸುಲಭವಾಗಿ ಸಿಗದ ಕಡೆ ಹೆಚ್ಚಿನ ತರಬೇತಿ ಪಡೆದ ದಾದಿಯೇ ಪರೀಕ್ಷಿಸಿ ಚಿಕಿತ್ಸೆ ಆರಂಭಿಸಬಹುದೆಂಬ ವಿಚಾರ ಹೊಸದೇನಲ್ಲ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಇಂತಹ ಮೊದಲ ತರಬೇತಿಯನ್ನು ಆರಂಭಿಸಿದರು. ನಮ್ಮ ದೇಶದಲ್ಲಿ 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಬೆಳೆಸಲಾಗುತ್ತಿದೆ. 2023ರಿಂದ ಅವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಬಂದಿದೆ. ಅಲ್ಲಿ ನರ್ಸಿಂಗ್ ಓದಿ ಸಮುದಾಯ ಆರೋಗ್ಯದಲ್ಲಿ ತರಬೇತಿ ಪಡೆದ ಸಮುದಾಯ ಆರೋಗ್ಯ ಅಧಿಕಾರಿಗಳು ಕೆಲಸ ಮಾಡುತ್ತಾರೆ. ಬಸುರಿ-ಬಾಣಂತಿಯರ ಜೊತೆಗೆ 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯೂ ಅವರ ಹೊಣೆ. ಸಹಜ ಹೆರಿಗೆಯನ್ನು ಸ್ವತಂತ್ರವಾಗಿ ಮಾಡಿಸಬಲ್ಲ ಸೂಲಗಿತ್ತಿ ದಾದಿಯರಿಗೆ 18 ತಿಂಗಳ ವಿಶೇಷ ತರಬೇತಿ ಕೊಡಬೇಕೆಂಬ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ 2018ರಲ್ಲಿಯೇ ಹೊರಬಂದಿತು. ಅಧಿಕಾರ ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆ. ಹೊಣೆ ಹೆಚ್ಚಿದಂತೆ, ಆಸರೆ ಇಲ್ಲದಿದ್ದರೆ, ಮನಸ್ಸಿನ ಭಾರವೂ ಹೆಚ್ಚುತ್ತದೆ.

ಒಂದು ನಿದರ್ಶನ

ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಒಂದು ಹಳ್ಳಿಯಲ್ಲಿ ಒಬ್ಬ ರೈತ, ಅವನ ಹೆಂಡತಿ. ಆಕೆಗೆ ಚೊಚ್ಚಲ ಬಸಿರು, ಏಳು ತಿಂಗಳು. ಎರಡು ದಿನಗಳಿಂದ ತಲೆನೋವು. ಮುಖ, ಕೈಕಾಲು ಊದಿಕೊಂಡಿವೆ. ಅಂದು ತಪಾಸಣೆಯ ದಿನವಾದರೂ ಆಕೆ ಮೇಲೇಳಲಿಲ್ಲ.

“ಇವತ್ತು ಹೋಗಬೇಕಲ್ಲವೆ?” ಎಂದು ಗಂಡ ಕೇಳಿದ.

“ನಾನು ಹೋಗುವುದಿಲ್ಲ ರೀ. ಹೋದ ಸಲ ಕಾರ್ಡ್ ಮರೆತು ಹೋಗಿದ್ದಕ್ಕೆ ಆ ಸಿಸ್ಟರ್ ಅಷ್ಟು ಜನರ ಮುಂದೆ ನನ್ನನ್ನು ಗದರಿಬಿಟ್ಟರು. ಮುಖ ಕೊಟ್ಟು ಮಾತಾಡಲೂ ಇಲ್ಲ. ಮಾನ ಬಿಟ್ಟು ಯಾಕೆ ಹೋಗಲಿ?”

ಗಂಡನಿಗೂ ಸಿಟ್ಟು ಬಂದಿತು. ಹಾಲು ಹಾಕಲು ಡೈರಿಗೆ ಹೋದಾಗ ಅಲ್ಲಿ ಆಶಾ ಕಾರ್ಯಕರ್ತೆ ಸಿಕ್ಕಳು. ಅವಳೊಡನೆ ಅವನು ಜಗಳಕ್ಕೇ ನಿಂತ. ಆಕೆ ತಾಳ್ಮೆಯಿಂದ ಕೇಳಿ ಹೇಳಿದಳು:

“ಅಣ್ಣಾ, ಸಿಸ್ಟರ್ ಹಾಗೆ ಗದರಿದ್ದು ಸರಿಯೆಂದು ನಾನೂ ಹೇಳುವುದಿಲ್ಲ. ಆದರೆ ಅವರು ಆವತ್ತಿಗೆ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಪಕ್ಕದ ಊರಿನಲ್ಲಿ ಒಂದು ಎಳೆಗೂಸು ಉಳಿಯಲಿಲ್ಲ. ಆ ತಾಯಿಯ ಪಕ್ಕದಲ್ಲೇ ಕೂತಿದ್ದರು. ಬೆಳಗಾದರೆ ಲಸಿಕೆಯ ದಿನ. ಪಕ್ಕದ ಉಪಕೇಂದ್ರದ ಹುದ್ದೆ ಖಾಲಿ ಇದೆ, ಅದನ್ನೂ ಇವರೇ ನೋಡಬೇಕು. ಅಳುವುದಕ್ಕೂ ಅವರಿಗೆ ಹೊತ್ತು ಸಿಗಲಿಲ್ಲ. ಅದಿರಲಿ, ಅತ್ತಿಗೆಗೆ ತಲೆನೋವು, ಊತ ಅಂದಿರಲ್ಲ? ಅದು ಸಣ್ಣ ಮಾತಲ್ಲ. ಈಗಲೇ ಕರೆದುಕೊಂಡು ಬನ್ನಿ.”

ಗಂಡ ಮನೆಗೆ ಓಡಿದ. ಹೆಂಡತಿಯನ್ನು ಕರೆತಂದ. ರಕ್ತದೊತ್ತಡ 160/110 ಇತ್ತು. 140/90 ಮುಟ್ಟಿದರೇ ಬಸುರಿಯ ವಿಷಯದಲ್ಲಿ ಎಚ್ಚರ ವಹಿಸಬೇಕು. ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಕಂಡಿತು. ಫಿಟ್ಸ್ ಬಂದು ತಾಯಿ-ಮಗು ಇಬ್ಬರ ಪ್ರಾಣಕ್ಕೂ ಅಪಾಯವಾಗಬಹುದಾದ ಸ್ಥಿತಿ ಅದು. ದಾದಿ ತಡಮಾಡದೆ ವೈದ್ಯರಿಗೆ ಫೋನ್ ಮಾಡಿದಳು, 108ಕ್ಕೆ ಕರೆ ಮಾಡಿದಳು, ಆಸ್ಪತ್ರೆಯವರೆಗೂ ಜೊತೆಗೆ ಹೋದಳು. ದಾರಿಯಲ್ಲಿ ಬಸುರಿಯ ಕೈ ಹಿಡಿದು, “ಆವತ್ತು ನಿನ್ನನ್ನು ಗದರಿಬಿಟ್ಟೆ ತಂಗೀ, ತಪ್ಪಾಯಿತು” ಎಂದಳು. ತಕ್ಕ ಕಾಲಕ್ಕೆ ಚಿಕಿತ್ಸೆ ದೊರೆತು ತಾಯಿ-ಮಗು ಇಬ್ಬರೂ ಉಳಿದರು.

ಈ ನಿದರ್ಶನದಲ್ಲಿ ಕೆಟ್ಟವರು ಯಾರೂ ಇಲ್ಲ. ಆದರೂ ಒಂದು ಅನಾಹುತ ಬಾಗಿಲವರೆಗೆ ಬಂದು ನಿಂತಿತ್ತು. ದಾದಿಯ ಬಳಲಿಕೆ ಗದರಿಕೆಯಾಯಿತು. ಗದರಿಕೆಯಿಂದ ಬಸುರಿಗೆ ಅವಮಾನವಾಯಿತು. ಅವಮಾನದಿಂದ ತಪಾಸಣೆ ತಪ್ಪುವುದರಲ್ಲಿತ್ತು. ಆರೈಕೆ ಮಾಡುವವರ ಬಳಲಿಕೆ ಆರೈಕೆ ಪಡೆಯುವವರ ಜೀವಕ್ಕೆ ಹೇಗೆ ಮುಟ್ಟುತ್ತದೆ ಎಂಬುದನ್ನು ಇದರಿಂದ ಅರಿಯಬಹುದು.

ಒತ್ತಡ ಬೇರೆ, ಬಳಲಿಕೆ ಬೇರೆ

ಸುಗ್ಗಿಯ ಕಾಲದಲ್ಲಿ ರೈತನಿಗೆ ಒತ್ತಡ ಇದ್ದೇ ಇರುತ್ತದೆ. ಕಣದ ಕೆಲಸ ಮುಗಿದು ನಾಲ್ಕು ದಿನ ನಿದ್ದೆ ಮಾಡಿದರೆ ದೇಹ ಮತ್ತೆ ಹಗುರವಾಗುತ್ತದೆ. ಇದು ಸಹಜವಾದ ಒತ್ತಡ. ಆದರೆ ಸುಗ್ಗಿ ಮುಗಿಯದೆ ವರ್ಷವಿಡೀ ನಡೆದರೆ, ದುಡಿಮೆಗೆ ತಕ್ಕ ಮನ್ನಣೆಯೂ ಸಿಗದಿದ್ದರೆ, ಮನುಷ್ಯ ಒಳಗಿನಿಂದ ಬರಿದಾಗುತ್ತಾನೆ. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿಯೇ ಸುಡುತ್ತದೆ. ಇದನ್ನು ವೃತ್ತಿಯ ಬಳಲಿಕೆ ಎನ್ನಬಹುದು.

ಈ ಸ್ಥಿತಿಯನ್ನು 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ವಿವರಿಸಿ ಬರೆದರು. ಅವರು ಇದನ್ನು ಕಂಡದ್ದು ನ್ಯೂಯಾರ್ಕ್ ನಗರದ ಒಂದು ಉಚಿತ ಚಿಕಿತ್ಸಾಲಯದಲ್ಲಿ, ಬಡವರ ಸೇವೆಗೆಂದು ಉತ್ಸಾಹದಿಂದ ಬಂದು ದುಡಿಯುತ್ತಿದ್ದವರಲ್ಲಿ. ಕೆಲಸಗಳ್ಳರಿಗೆ ಬರುವ ಕಾಯಿಲೆ ಇದಲ್ಲ. ಹೆಚ್ಚು ಮನಸ್ಸಿಟ್ಟು ದುಡಿಯುವವರನ್ನೇ ಇದು ಹೆಚ್ಚಾಗಿ ಹಿಡಿಯುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರಗೊಂಡ ತನ್ನ ರೋಗ ವರ್ಗೀಕರಣದಲ್ಲಿ, ಇದು ರೋಗವಲ್ಲ, ಕೆಲಸದ ಸ್ಥಳದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಉಂಟಾಗುವ ಸ್ಥಿತಿ ಎಂದು ಹೇಳಿದೆ. ಅದಕ್ಕೆ ಮೂರು ಲಕ್ಷಣಗಳನ್ನು ಗುರುತಿಸಿದೆ:

1. ದೇಹ-ಮನಸ್ಸುಗಳ ಶಕ್ತಿ ಪೂರ್ತಿ ಬತ್ತಿಹೋದಂತಾಗುವುದು. ರಾತ್ರಿ ಮಲಗಿ ಎದ್ದರೂ ದಣಿವು ಆರದಿರುವುದು.

2. ಕೆಲಸದ ವಿಷಯದಲ್ಲಿ ಮನಸ್ಸು ದೂರವಾಗುವುದು. ಹಿಂದೆ ಪ್ರೀತಿಯಿಂದ ಮಾತನಾಡಿಸುತ್ತಿದ್ದವರು ಈಗ ಕಹಿಯಾಗಿ, ಯಾಂತ್ರಿಕವಾಗಿ ನಡೆದುಕೊಳ್ಳುವುದು.

3. “ನನ್ನಿಂದ ಏನೂ ಆಗದು, ಎಷ್ಟು ಮಾಡಿದರೂ ಅಷ್ಟೆ” ಎಂಬ ಭಾವನೆ ಬೇರೂರುವುದು.

ಇವುಗಳೊಂದಿಗೆ ತಲೆನೋವು, ಬೆನ್ನುನೋವು, ನಿದ್ರಾಹೀನತೆ, ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು, ಬೆಳಿಗ್ಗೆ ಕೆಲಸಕ್ಕೆ ಹೊರಡಲು ಎದೆಗುಂದುವುದು, ಮರೆವು ಮುಂತಾದವೂ ಕಾಣಬಹುದು. ಲಸಿಕೆಯ ಪ್ರಮಾಣ, ಮಾತ್ರೆಯ ಲೆಕ್ಕ, ರಕ್ತದೊತ್ತಡದ ಅಂಕಿ, ಇವುಗಳಲ್ಲಿ ಮರೆವು ಎಷ್ಟು ಅಪಾಯಕಾರಿಯೆಂಬುದನ್ನು ಹೇಳಬೇಕಾಗಿಲ್ಲ.

ಬಳಲಿಕೆಗೆ ಕಾರಣಗಳು

ಅತಿಯಾದ ಕೆಲಸ ಮೊದಲ ಕಾರಣ. ಹುದ್ದೆಗಳು ಖಾಲಿ ಉಳಿದಾಗ ಇಬ್ಬರ ಕೆಲಸ ಒಬ್ಬರ ಹೆಗಲಿಗೆ ಬೀಳುತ್ತದೆ. ಹಗಲು ಮನೆ ಮನೆ ತಿರುಗಿ ಸಂಜೆ ಮತ್ತೆ ರಿಜಿಸ್ಟರುಗಳನ್ನು ತುಂಬಬೇಕು. ಅದೇ ವಿವರವನ್ನು ಫೋನಿನಲ್ಲೋ ಗಣಕಯಂತ್ರದಲ್ಲೋ ಮತ್ತೊಮ್ಮೆ ದಾಖಲಿಸಬೇಕು.

ಎರಡನೆಯದು, ಸಾವು-ನೋವುಗಳ ಭಾರ. ತಾನು ತಾಯಿ ಕಾರ್ಡ್ ಬರೆದುಕೊಟ್ಟ ಹೆಣ್ಣುಮಗಳು ಹೆರಿಗೆಯಲ್ಲಿ ತೀರಿಕೊಂಡರೆ, ಮನೆಯವರು ಅಳುತ್ತಾರೆ, ನೆರೆಹೊರೆಯವರು ಸಂತೈಸುತ್ತಾರೆ. ದಾದಿಗೆ ಮಾತ್ರ ಸಂತಾಪಕ್ಕೆ ಬದಲು ಪ್ರಶ್ನೆಗಳು ಎದುರಾಗುತ್ತವೆ. ಸಾವಿನ ಕಾರಣವನ್ನು ವಿಚಾರಿಸುವುದು ಅಗತ್ಯವೇ. ಮುಂದಿನ ಸಾವನ್ನು ತಡೆಯಲು ಅದು ಬೇಕು. ಆದರೆ ಆಕೆಯ ದುಃಖವನ್ನೂ ಯಾರಾದರೂ ಕೇಳಬೇಕು.

ಮೂರನೆಯದು, ಒಂಟಿತನ ಮತ್ತು ಭಯ. ತವರು, ಗಂಡ, ಮಕ್ಕಳು ದೂರದಲ್ಲಿ. ವಾಸ ಉಪಕೇಂದ್ರದ ವಸತಿಗೃಹದಲ್ಲಿ. ರಾತ್ರಿ ಬಾಗಿಲು ಬಡಿದ ಸದ್ದಾದರೆ ಕರೆದವರು ಕಷ್ಟದಲ್ಲಿರುವವರೋ ಕುಡಿದು ಬಂದವರೋ ಎಂದು ತಿಳಿಯದು.

ನಾಲ್ಕನೆಯದು, ಅವಮಾನ. ಔಷಧಿ ಮುಗಿದಿದ್ದರೆ, ವೈದ್ಯರು ಬರುವುದು ತಡವಾದರೆ, ಮೊದಲ ಬೈಗುಳ ತಿನ್ನುವವಳು ಎದುರಿಗಿರುವ ದಾದಿ. ಕೊರೋನಾ ಕಾಲದಲ್ಲಿ ಇದು ಹಲ್ಲೆಯವರೆಗೂ ಹೋಯಿತು. ಜನವರಿ 2020ರಿಂದ ಮೇ 2021ರವರೆಗೆ ಆ ರೋಗದಿಂದ ಪ್ರಪಂಚದಲ್ಲಿ ಸುಮಾರು 1,15,000 ಆರೋಗ್ಯ ಕಾರ್ಯಕರ್ತರು ತೀರಿಕೊಂಡಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಅಂತಹ ಕಾಲದಲ್ಲಿಯೂ ನಮ್ಮ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋದರು. ಮೇ 2022ರಲ್ಲಿ ಭಾರತದ ಆಶಾ ಕಾರ್ಯಕರ್ತೆಯರನ್ನು ಆ ಸಂಸ್ಥೆ ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತು. ಜಗತ್ತು ಗೌರವಿಸಿದವರನ್ನು ಊರು ಗೌರವಿಸದಿದ್ದರೆ ಆ ಪ್ರಶಸ್ತಿಯಿಂದ ಆಕೆಯ ದಣಿವು ಆರುವುದಿಲ್ಲ.

ಐದನೆಯದು, ಎರಡು ಪಾಳಿಯ ದುಡಿಮೆ. ಕೆಲಸ ಮುಗಿಸಿ ಮನೆಗೆ ಬಂದ ಆಕೆಗೆ ಒಲೆ, ಪಾತ್ರೆ, ಮಕ್ಕಳು, ಹಿರಿಯರು ಕಾದಿರುತ್ತಾರೆ.

ದಂಪತಿಗಳು ಮಾಡಬಹುದಾದ ಸಹಾಯ

ಇಷ್ಟು ದೊಡ್ಡ ಹೊರೆಯನ್ನು ನಾವೇನು ಇಳಿಸಬಲ್ಲೆವು ಎಂದು ನೀವು ಕೇಳಬಹುದು. ಪೂರ್ತಿ ಇಳಿಸಲಾಗದಿದ್ದರೂ ಒಂದು ಕೈ ಹಿಡಿಯಬಹುದು. ಕೆಳಗಿನ ಅಂಶಗಳನ್ನು ಗಂಡ-ಹೆಂಡಿರಿಬ್ಬರೂ ಗಮನಿಸಿರಿ.

1. ಬಸಿರು ತಿಳಿದ ಕೂಡಲೇ, 12 ವಾರಗಳೊಳಗೆ, ಹೆಸರು ನೋಂದಾಯಿಸಿರಿ. ತಪಾಸಣೆಗೆ ಹೇಳಿದ ದಿನವೇ ಹೋಗಿರಿ. ತಾಯಿ ಕಾರ್ಡನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಟ್ಟು ಪ್ರತಿ ಬಾರಿಯೂ ಒಯ್ಯಿರಿ. ತಪ್ಪಿಸಿಕೊಂಡ ಒಬ್ಬ ಬಸುರಿಯನ್ನು ಹುಡುಕಲು ದಾದಿಯ ಅರ್ಧ ದಿನ ಕಳೆಯುತ್ತದೆ.

2. ಅಪಾಯದ ಚಿಹ್ನೆಗಳನ್ನು ಇಬ್ಬರೂ ಕಲಿಯಿರಿ. ಬಸುರಿಗೆ ರಕ್ತಸ್ರಾವ, ಫಿಟ್ಸ್, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಜ್ವರ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು; ಕೂಸು ಹಾಲು ಚೀಪದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಬೇಗ ಬೇಗ ಉಸಿರಾಡುವುದು. ಇವುಗಳಲ್ಲಿ ಯಾವುದು ಕಂಡರೂ ನಡುರಾತ್ರಿಯಾದರೂ ಸಂಕೋಚಪಡದೆ ದಾದಿಯನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿರಿ. ದಾದಿಗೆ ದಣಿವಾದೀತೆಂದು ಇಂತಹ ಸಮಯದಲ್ಲಿ ಎಂದೂ ತಡಮಾಡಬಾರದು. ಆದರೆ ಮಾತ್ರೆ ಮುಗಿದಿದೆ, ಕಾರ್ಡಿಗೆ ಸಹಿ ಬೇಕು ಎಂಬಂತಹ ಕೆಲಸಗಳಿಗೆ ಹಗಲಿನ ಹೊತ್ತು ಹೋಗಿರಿ.

3. ಕುಟುಂಬ ಯೋಜನೆಯನ್ನು ಹೆಂಗಸರ ಪಾಲಿನ ಕೆಲಸವೆಂದು ಬಿಡಬೇಡಿರಿ. ದಾದಿ ಬಂದಾಗ ಗಂಡನೂ ಕುಳಿತು ಕೇಳಲಿ, ಪ್ರಶ್ನೆ ಕೇಳಲಿ. ಇಬ್ಬರೂ ಕೂಡಿ ಒಂದೇ ಬಾರಿಗೆ ನಿರ್ಧರಿಸಿದರೆ ಆಕೆ ಹತ್ತು ಬಾರಿ ಬರುವುದು ತಪ್ಪುತ್ತದೆ. ಮಕ್ಕಳು ಸಾಕೆಂದು ತೀರ್ಮಾನಿಸಿದ ಗಂಡಸರು ಚಾಕು ಬಳಸದ, ಹೊಲಿಗೆ ಹಾಕದ ಸರಳ ಶಸ್ತ್ರಚಿಕಿತ್ಸೆಯ ಬಗ್ಗೆಯೂ ವಿಚಾರಿಸಬಹುದು.

4. ಮಾತಿನಲ್ಲಿ ಮರ್ಯಾದೆ ಇರಲಿ. “ಬಿಸಿಲಲ್ಲಿ ಬಂದಿದ್ದೀರಿ, ಕುಳಿತುಕೊಳ್ಳಿ ಅಮ್ಮಾ” ಎಂಬ ಮಾತಿಗೆ, ಒಂದು ಲೋಟ ನೀರಿಗೆ ಖರ್ಚಿಲ್ಲ. ಆದರೆ ಅಂದು ಆಕೆ ತಟ್ಟುವ ಮುಂದಿನ ಬಾಗಿಲಲ್ಲಿ ಆಕೆಯ ದನಿ ಮೃದುವಾಗಿರುತ್ತದೆ.

5. ಕತ್ತಲಾದ ಮೇಲೆ ಹೆರಿಗೆಗೋ ಚಿಕಿತ್ಸೆಗೋ ಕರೆದರೆ ಮನೆಯ ಹೆಣ್ಣುಮಗಳೊಬ್ಬಳು ಜೊತೆಯಲ್ಲಿ ಹೋಗಿ ಕರೆತರಲಿ. ಕೆಲಸ ಮುಗಿದ ಮೇಲೆ ಮನೆ ಮುಟ್ಟಿಸಿ ಬರಲಿ.

6. ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿ ಉಂಟು. ಉಪಕೇಂದ್ರದಲ್ಲಿ ನೀರು, ದೀಪ, ಶೌಚಾಲಯ, ಭದ್ರವಾದ ಬಾಗಿಲು ಇವೆಯೇ ಎಂದು ಆ ಸಮಿತಿಯಲ್ಲಿಯೂ ಗ್ರಾಮಸಭೆಯಲ್ಲಿಯೂ ಕೇಳಿರಿ. ಇವು ದಾದಿಗೆ ಮಾಡುವ ಉಪಕಾರವಲ್ಲ. ನಿಮ್ಮ ಮನೆಯ ಹೆಣ್ಣುಮಗಳೂ ತಪಾಸಣೆಗೆ ಅಲ್ಲಿಗೇ ಹೋಗುವವಳು.

7. ದೂರು ಇದ್ದರೆ ಹೇಳಬೇಕು. ಬಳಲಿಕೆ ಎಂಬುದು ನಿರ್ಲಕ್ಷ್ಯಕ್ಕೆ ರಕ್ಷಣೆಯಲ್ಲ. ಒರಟು ಮಾತು, ಹಣದ ಬೇಡಿಕೆ, ಚಿಕಿತ್ಸೆಯಲ್ಲಿ ತಪ್ಪು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೋ ತಾಲ್ಲೂಕು ಆರೋಗ್ಯಾಧಿಕಾರಿಗೋ ಬರೆದುಕೊಡಿರಿ. ಬೀದಿಯಲ್ಲಿ ಬೈಯುವುದರಿಂದ ತಪ್ಪು ತಿದ್ದದು. ಅದೇ ರೀತಿ ಒಳ್ಳೆಯ ಕೆಲಸ ಕಂಡಾಗಲೂ ಎರಡು ಸಾಲು ಬರೆದು ಕೊಡಿರಿ. ದೂರು ಬರೆಯುವ ಕೈಗಳು ಹಲವು. ಮೆಚ್ಚುಗೆ ಬರೆಯುವ ಕೈಗಳು ವಿರಳ.

8. ಕೈ ಎತ್ತಲೇಬಾರದು, ಎತ್ತುವವರನ್ನು ತಡೆಯಬೇಕು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ 2009ರಿಂದಲೇ ಇದೆ. ಸಾಂಕ್ರಾಮಿಕ ರೋಗದ ಕಾಲದಲ್ಲಿ ನಡೆಯುವ ಹಲ್ಲೆಗೆ 2020ರ ತಿದ್ದುಪಡಿ ಕಾಯಿದೆಯಂತೆ 3 ತಿಂಗಳಿಂದ 5 ವರ್ಷದವರೆಗೆ, ತೀವ್ರ ಗಾಯವಾಗಿದ್ದರೆ 6 ತಿಂಗಳಿಂದ 7 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ನಿಮ್ಮ ಮನೆಯವರೇ ಈ ಕೆಲಸದಲ್ಲಿದ್ದರೆ

ಈ ಪುಸ್ತಿಕೆಯನ್ನು ಓದುತ್ತಿರುವ ಕೆಲವು ಮನೆಗಳಲ್ಲಿ ಹೆಂಡತಿಯೇ ಆಶಾ ಕಾರ್ಯಕರ್ತೆಯೋ ದಾದಿಯೋ ಆಗಿರಬಹುದು. ಅಂತಹ ಗಂಡಂದಿರಿಗೆ ಎರಡು ಮಾತು. “ಊರವರ ಕೂಸನ್ನು ನೋಡುತ್ತೀಯೆ, ಮನೆಯ ಕೂಸನ್ನು ನೋಡುವುದಿಲ್ಲ” ಎಂಬ ಚುಚ್ಚುಮಾತು ಆಕೆಯ ದಣಿವನ್ನು ಇಮ್ಮಡಿ ಮಾಡುತ್ತದೆ. ಆಕೆ ಬರುವ ವೇಳೆಗೆ ಅನ್ನಕ್ಕೆ ಎಸರು ಇಡುವುದು, ಮಕ್ಕಳನ್ನು ಓದಿಗೆ ಕೂರಿಸುವುದು, ಕೊಡ ನೀರು ತಂದಿಡುವುದು ಗಂಡಸಿನ ಗೌರವಕ್ಕೆ ಕುಂದಲ್ಲ. ರಾತ್ರಿ ಕರೆ ಬಂದರೆ ಗೊಣಗದೆ ಗಾಡಿ ತೆಗೆದು ಜೊತೆಗೆ ಹೋಗಿರಿ. ಆಕೆ ಮಾತನಾಡಿದರೆ ಕೇಳಿರಿ. ಪರಿಹಾರ ಹೇಳಬೇಕಾಗಿಲ್ಲ, ನಡುವೆ ಬಾಯಿ ಹಾಕದೆ ಕೇಳಿದರೆ ಅದೇ ಅರ್ಧ ಮದ್ದು. ಆದರೆ ರೋಗಿಗಳ ಗುಟ್ಟನ್ನು ಆಕೆಯಿಂದ ಕೆದಕಬಾರದು.

ಅತ್ತೆ-ಮಾವಂದಿರೂ ಇದನ್ನು ಅರಿಯಬೇಕು. ಸೊಸೆಯ ಬಿಡುವಿನ ದಿನ ನಿಜವಾಗಿಯೂ ಬಿಡುವಿನ ದಿನವಾಗಿರಲಿ. ಬಾಕಿ ಉಳಿದ ಬಟ್ಟೆ-ಪಾತ್ರೆಗಳ ದಿನವಾಗಬಾರದು.

ದಣಿವಿನ ಜೊತೆಗೆ ಎರಡು ವಾರಕ್ಕೂ ಮಿಕ್ಕಿ ಮಂಕು ಕವಿದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಇಲ್ಲದಿದ್ದರೆ, ಊಟ-ನಿದ್ದೆ ಕೆಟ್ಟಿದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ವೈದ್ಯರಿಗೆ ತೋರಿಸಬೇಕು. “ಬದುಕೇ ಬೇಡ” ಎಂಬ ಮಾತು ಬಂದರೆ ಆಕೆಯನ್ನು ಒಂಟಿಯಾಗಿ ಬಿಡಬಾರದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿಯ ಸಂಖ್ಯೆ 14416. ಹಗಲು-ರಾತ್ರಿ ಯಾವ ಹೊತ್ತಿನಲ್ಲಿಯಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆ ರಾಷ್ಟ್ರಮಟ್ಟದಲ್ಲಿ ಮಾರ್ಗದರ್ಶನ ನೀಡುತ್ತದೆ. ದಾದಿಯರಿಗಷ್ಟೇ ಅಲ್ಲ, ಯಾರಿಗಾದರೂ ಇದು ತೆರೆದಿದೆ.

ಇಲಾಖೆಯ ಹೊಣೆ, ದಾದಿಯ ಹೊಣೆ

ಬಳಲಿದವರಿಗೆ “ಧೈರ್ಯ ತಂದುಕೊಳ್ಳಿ, ಧ್ಯಾನ ಮಾಡಿ” ಎಂದು ಹೇಳಿ ಹೊರೆಯನ್ನು ಹಾಗೆಯೇ ಬಿಟ್ಟರೆ ಅದು ಸಹಾಯವಾಗುವುದಿಲ್ಲ. ಗಾಡಿಯ ಭಾರ ಇಳಿಸದೆ ಎತ್ತಿನ ಬೆನ್ನು ಸವರಿದಂತಾಗುತ್ತದೆ. ಖಾಲಿ ಹುದ್ದೆಗಳನ್ನು ತುಂಬುವುದು, ವಾರದ ರಜೆ ನಿಜವಾಗಿ ದೊರೆಯುವಂತೆ ಬದಲಿ ವ್ಯವಸ್ಥೆ ಮಾಡುವುದು, ಒಂದೇ ವಿವರವನ್ನು ಹಲವು ಕಡೆ ಬರೆಸುವುದನ್ನು ತಪ್ಪಿಸುವುದು, ವೇತನ ಮತ್ತು ಗೌರವಧನವನ್ನು ಸಕಾಲಕ್ಕೆ ಪಾವತಿಸುವುದು, ಸುರಕ್ಷಿತ ವಸತಿ ಕೊಡುವುದು, ಇವೆಲ್ಲ ಆಡಳಿತದ ಹೊಣೆ. ತಿಂಗಳ ಸಭೆಯಲ್ಲಿ ಗುರಿ-ಸಾಧನೆಗಳ ಅಂಕಿ ಕೇಳುವ ಅಧಿಕಾರಿಗಳು “ನೀವು ಹೇಗಿದ್ದೀರಿ?” ಎಂದೂ ಕೇಳಬೇಕು. ತಾಯಿಯ ಅಥವಾ ಮಗುವಿನ ಸಾವು ಸಂಭವಿಸಿದಾಗ ವಿಚಾರಣೆಗೆ ಮುಂಚೆ ಸಾಂತ್ವನದ ಎರಡು ಮಾತು ಆಡಬೇಕು.

ದಾದಿಯರೂ ತಮ್ಮ ಬಗ್ಗೆ ಕಾಳಜಿ ವಹಿಸಬೇಕು. ಹೊತ್ತಿಗೆ ಸರಿಯಾಗಿ ಉಣ್ಣುವುದು, ಸಿಕ್ಕ ರಜೆಯನ್ನು ಕಳೆದುಕೊಳ್ಳದಿರುವುದು, ಆಗದ ಕೆಲಸವನ್ನು ಆಗದೆಂದು ಮೇಲಿನವರಿಗೆ ತಿಳಿಸುವುದು ಸ್ವಾರ್ಥವಲ್ಲ. ಸಹೋದ್ಯೋಗಿಗಳೊಡನೆ ಕಷ್ಟ ಹಂಚಿಕೊಳ್ಳುವ ಅಭ್ಯಾಸ ಒಳ್ಳೆಯದು. ಅದೇ ದಾರಿಯಲ್ಲಿ ನಡೆದವರಿಗೆ ಮುಳ್ಳಿನ ನೋವು ಬೇಗ ತಿಳಿಯುತ್ತದೆ.

ಕೊನೆಯ ಮಾತು

ಇದನ್ನು ಓದುತ್ತಿರುವ ಹೆಣ್ಣುಮಕ್ಕಳಲ್ಲಿ ಕೆಲವರಿಗೆ, ಈ ಲಕ್ಷಣಗಳು ನನ್ನಲ್ಲೂ ಇವೆಯಲ್ಲ ಎನಿಸಿರಬಹುದು. ಅದು ಸುಳ್ಳಲ್ಲ. ಹಾಸಿಗೆ ಹಿಡಿದ ಮಾವನನ್ನೋ ಎಳೆಯ ಮಕ್ಕಳನ್ನೋ ಹಗಲಿರುಳು ನೋಡಿಕೊಳ್ಳುವ ಗೃಹಿಣಿಯೂ ಸಂಬಳವಿಲ್ಲದ ದಾದಿಯೇ. ಆಕೆಗೂ ವಾರಕ್ಕೊಂದು ಸೋಮವಾರ ಬೇಕು. ದಾದಿಯ ದಣಿವನ್ನು ಗುರುತಿಸಲು ಕಲಿತ ಗಂಡ ತನ್ನ ಮನೆಯ ಒಲೆಯ ಮುಂದಿನ ದಣಿವನ್ನೂ ಗುರುತಿಸಬಲ್ಲನು.

ನೆನಪಿಡಬೇಕಾದ ಅಂಶಗಳು

ಬಳಲಿಕೆ ಸೋಮಾರಿತನವಲ್ಲ, ದೌರ್ಬಲ್ಯವೂ ಅಲ್ಲ. ಮನಸ್ಸಿಟ್ಟು ದುಡಿಯುವವರಿಗೇ ಅದು ಹೆಚ್ಚು.

ದಾದಿಯ ಬಳಲಿಕೆಯನ್ನು ಕಡೆಗಣಿಸಿದರೆ ಅದರ ಫಲ ತಾಯಿ-ಮಕ್ಕಳ ಮೇಲೆ ಬೀಳುತ್ತದೆ.

ಅಪಾಯದ ಚಿಹ್ನೆ ಕಂಡಾಗ ಯಾವ ಹೊತ್ತಿನಲ್ಲಾದರೂ ಕರೆಯಿರಿ. ಉಳಿದ ಕೆಲಸಕ್ಕೆ ವೇಳೆ ನೋಡಿ ಹೋಗಿರಿ.

ಮನಸ್ಸಿನ ಸಂಕಟಕ್ಕೆ 14416, ತುರ್ತು ವಾಹನಕ್ಕೆ 108.

ಗಂಡ-ಹೆಂಡಿರು ಕೂಡಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಊರಿನ ದಾದಿ ಎಷ್ಟು ಹಳ್ಳಿಗಳನ್ನು ನೋಡಿಕೊಳ್ಳುತ್ತಾಳೆ? ಆಕೆಯ ಉಪಕೇಂದ್ರದಲ್ಲಿ ನೀರು, ದೀಪ ಇವೆಯೇ?

2. ಕಳೆದ ಬಾರಿ ಆಕೆ ನಿಮ್ಮ ಮನೆಗೆ ಬಂದಾಗ ಗಂಡನೂ ಕುಳಿತು ಮಾತು ಕೇಳಿದ್ದನೇ?

3. ಬಸುರಿಯ ಮತ್ತು ಕೂಸಿನ ಅಪಾಯದ ಚಿಹ್ನೆಗಳಲ್ಲಿ ಎಷ್ಟನ್ನು ನೀವಿಬ್ಬರೂ ಪುಸ್ತಿಕೆ ನೋಡದೆ ಹೇಳಬಲ್ಲಿರಿ?

4. ನಿಮ್ಮ ಮನೆಯಲ್ಲಿ ಬಿಡುವಿಲ್ಲದೆ ದುಡಿಯುತ್ತಿರುವವರು ಯಾರು? ಅವರ ಯಾವ ಒಂದು ಕೆಲಸವನ್ನು ನಾಳೆಯಿಂದ ಇನ್ನೊಬ್ಬರು ವಹಿಸಿಕೊಳ್ಳಬಹುದು?